ಕಲನಶಾಸ್ತ್ರದ ಎರಡು ತರಗತಿಗಳು: ಆಯ್ಕೆಯ ವಿವೇಚನೆ

ನಮ್ಮ ಶಾಲೆಯಲ್ಲಿ ನನ್ನ ಬಳಿ ಗಣಿತವನ್ನು ಕಲಿತು, ಈಗ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಯೊಬ್ಬರು ನನಗೊಂದು ಪತ್ರ ಬರೆದಿದ್ದರು. "ಗುರುಗಳೇ, ಮಗಳು ಬರುವ ವರ್ಷ ಹನ್ನೆರಡನೆಯ ತರಗತಿಗೆ ಹೋಗುತ್ತಾಳೆ. ಕಲನಶಾಸ್ತ್ರದಲ್ಲಿ ಎ.ಬಿ. ತೆಗೆದುಕೊಳ್ಳಬೇಕೋ ಬಿ.ಸಿ. ತೆಗೆದುಕೊಳ್ಳಬೇಕೋ ಎಂಬುದು ಮನೆಯಲ್ಲಿ ದೊಡ್ಡ ಚರ್ಚೆಯಾಗಿದೆ. ಪರಿಚಯದವರ ಮಕ್ಕಳೆಲ್ಲ ಬಿ.ಸಿ. ಎನ್ನುತ್ತಿದ್ದಾರೆ. ತಾವು ಏನು ಹೇಳುವಿರಿ?" ಎಂಬುದು ಅವರ ಪ್ರಶ್ನೆ. ಅವರಿಗೆ ಬರೆದ ಉತ್ತರವನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಕೊಡುತ್ತಿದ್ದೇನೆ. ನಮ್ಮ ಹಳೆಯ ವಿದ್ಯಾರ್ಥಿಗಳ ಮಕ್ಕಳು ಅನೇಕರು ಆ ದೇಶದಲ್ಲಿ ಓದುತ್ತಿರುವುದರಿಂದ ಈ ವಿಷಯ ಅವರಿಗೆ ಉಪಯುಕ್ತವಾದೀತು. ಇಲ್ಲಿಯ ವಿದ್ಯಾರ್ಥಿಗಳಿಗೂ ಇದರಲ್ಲಿ ಯೋಚಿಸತಕ್ಕ ಅಂಶಗಳು ಇಲ್ಲದಿಲ್ಲ.

ಮೊದಲು ವ್ಯವಸ್ಥೆಯ ಸ್ವರೂಪವನ್ನು ಅರಿತುಕೊಳ್ಳೋಣ. ಪ್ರೌಢಶಾಲೆಯಲ್ಲಿರುವಾಗಲೇ ಕಾಲೇಜು ಮಟ್ಟದ ಪಾಠಗಳನ್ನು ಕಲಿತು, ಮೇ ತಿಂಗಳಲ್ಲಿ ಪರೀಕ್ಷೆ ಬರೆಯುವ ಒಂದು ಏರ್ಪಾಡು ಅಮೆರಿಕದಲ್ಲಿದೆ. ಅದನ್ನು 'ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್' ಅಥವಾ ಸಂಕ್ಷೇಪವಾಗಿ ಎ.ಪಿ. ಎನ್ನುತ್ತಾರೆ. ಕಾಲೇಜ್ ಬೋರ್ಡ್ ಎಂಬ ಸಂಸ್ಥೆ 1956ರಿಂದ ಈ ಪರೀಕ್ಷೆಗಳನ್ನು ನಡೆಸುತ್ತಾ ಬಂದಿದೆ. ಫಲಿತಾಂಶವನ್ನು 1ರಿಂದ 5ರವರೆಗಿನ ಅಂಕಗಳಲ್ಲಿ ಕೊಡಲಾಗುತ್ತದೆ. ಒಳ್ಳೆಯ ಅಂಕ ಪಡೆದವರಿಗೆ ಅನೇಕ ವಿಶ್ವವಿದ್ಯಾಲಯಗಳು ಆ ಪಾಠಕ್ಕೆ ವಿನಾಯಿತಿ ಕೊಟ್ಟು ಮುಂದಿನ ಪಾಠಕ್ಕೆ ಸೇರಿಸಿಕೊಳ್ಳುತ್ತವೆ. ಕಲನಶಾಸ್ತ್ರದಲ್ಲಿ 1969ರಿಂದ ಎರಡು ತರಗತಿಗಳು, ಎರಡು ಪರೀಕ್ಷೆಗಳು ಇವೆ. ಒಂದೇ ವರ್ಷದಲ್ಲಿ ಎರಡನ್ನೂ ಬರೆಯುವಂತಿಲ್ಲ.

ಈ ಅಕ್ಷರಗಳ ಹಿಂದೆ ಒಂದು ಸಣ್ಣ ಇತಿಹಾಸವುಂಟು. ಹೆಸರಿಟ್ಟ ಕಾಲದಲ್ಲಿ ಪಾಠ್ಯವಸ್ತುವನ್ನು ಮೂರು ಭಾಗಗಳಾಗಿ ಭಾವಿಸಲಾಗಿತ್ತು. 'ಎ' ಎಂದರೆ ಕಲನಕ್ಕೆ ಪೂರ್ವಸಿದ್ಧತೆಯಾದ ಉತ್ಪನ್ನಗಳ ಅಧ್ಯಯನ, ಅಂದರೆ ಬಹುಪದಗಳು, ತ್ರಿಕೋನಮಿತಿ, ಲಾಗರಿದಮ್ ಮೊದಲಾದವು. 'ಬಿ' ಎಂದರೆ ಅವಕಲನ ಮತ್ತು ಅನುಕಲನಗಳ ಮುಖ್ಯ ಭಾಗ. 'ಸಿ' ಎಂದರೆ ಅದರಾಚೆಯ ವಿಷಯಗಳು. ಎ.ಬಿ. ತರಗತಿ ಮೊದಲೆರಡನ್ನು ಕಲಿಸಿದರೆ, ಬಿ.ಸಿ. ಕೊನೆಯೆರಡನ್ನು ಕಲಿಸುತ್ತಿತ್ತು. ಇಂದು ಎ.ಬಿ.ಯಲ್ಲಿಯೂ 'ಎ' ಭಾಗವನ್ನು ಪ್ರತ್ಯೇಕವಾಗಿ ಕಲಿಸುವುದಿಲ್ಲ. ಆದರೂ ಆ ಹಳೆಯ ಹೆಸರು ಒಂದು ಸತ್ಯವನ್ನು ಇನ್ನೂ ಹೇಳುತ್ತಿದೆ: ಬಿ.ಸಿ.ಗೆ ಹೋಗುವವನು 'ಎ'ಯನ್ನು ಮನೆಯಿಂದಲೇ ತರಬೇಕು. ಆಯ್ಕೆಯ ತಿರುಳು ಇಲ್ಲಿಯೇ ಇದೆಯೆಂದು ನನ್ನ ಅಭಿಪ್ರಾಯ. (ಹೆಸರನ್ನು ಕೂಡಿಸಿ ಓದಿದರೆ 'ಬಿಸಿ' ಆಗುತ್ತದೆಂದು ನಮ್ಮ ಮಕ್ಕಳು ನಗುವರಂತೆ, ಮುಟ್ಟುವ ಮೊದಲೇ ಕೈ ಸುಟ್ಟುಕೊಳ್ಳುವ ಅಗತ್ಯವಿಲ್ಲ.)

ಈಗಿನ ಪಠ್ಯಕ್ರಮದಂತೆ ಎ.ಬಿ.ಯಲ್ಲಿ ಎಂಟು ಘಟಕಗಳಿವೆ: ಪರಿಮಿತಿ ಮತ್ತು ಅವಿಚ್ಛಿನ್ನತೆ, ಅವಕಲನದ ನಿಯಮಗಳು, ಅದರ ಅನ್ವಯಗಳು, ಅನುಕಲನ, ಸರಳ ಅವಕಲ ಸಮೀಕರಣಗಳು, ಕ್ಷೇತ್ರಫಲ ಮತ್ತು ಘನಫಲ. ಇವೆಲ್ಲವೂ ಬಿ.ಸಿ.ಯಲ್ಲಿಯೂ ಇವೆ. ಅವುಗಳ ಮೇಲೆ ಇನ್ನೆರಡು ಘಟಕಗಳು ಸೇರುತ್ತವೆ. ಒಂದು, ಪ್ರಾಚಲ ಸಮೀಕರಣ, ಧ್ರುವೀಯ ನಿರ್ದೇಶಾಂಕ ಮತ್ತು ಸದಿಶಗಳು. ಇನ್ನೊಂದು, ಅನಂತ ಶ್ರೇಣಿಗಳು. ಇವಲ್ಲದೆ ಭಾಗಶಃ ಅನುಕಲನ, ಆಂಶಿಕ ಭಿನ್ನರಾಶಿಗಳ ಮೂಲಕ ಅನುಕಲನ, ವಕ್ರರೇಖೆಯ ಉದ್ದ, ಆಯ್ಲರನ ವಿಧಾನ ಮೊದಲಾದವು ಅಲ್ಲಲ್ಲಿ ಬರುತ್ತವೆ. ನಮ್ಮ ದ್ವಿತೀಯ ಪಿಯುಸಿ ವಿಜ್ಞಾನ ವಿದ್ಯಾರ್ಥಿಗೆ ಇಲ್ಲೊಂದು ವಿಚಿತ್ರ ಕಾಣುತ್ತದೆ. ಅವನು ವಾಡಿಕೆಯಾಗಿ ಮಾಡುವ ಭಾಗಶಃ ಅನುಕಲನ ಅಲ್ಲಿ ಮೇಲಿನ ತರಗತಿಯ ವಿಷಯ. ಆದರೆ ಅಲ್ಲಿಯ ಬಿ.ಸಿ. ವಿದ್ಯಾರ್ಥಿ ಕಲಿಯುವ ಟೇಲರ್ ಶ್ರೇಣಿ ಇಲ್ಲಿಯವನಿಗೆ ಪದವಿ ತರಗತಿಯವರೆಗೆ ಎದುರಾಗುವುದಿಲ್ಲ.

ಕಾಲೇಜಿನ ಲೆಕ್ಕದಲ್ಲಿ ಎ.ಬಿ. ಸುಮಾರು ಒಂದು ಸೆಮಿಸ್ಟರಿನ ಪಾಠಕ್ಕೂ ಬಿ.ಸಿ. ಎರಡು ಸೆಮಿಸ್ಟರುಗಳ ಪಾಠಕ್ಕೂ ಸಮ. ಆದರೆ ಶಾಲೆಯಲ್ಲಿ ಎರಡಕ್ಕೂ ಸಾಮಾನ್ಯವಾಗಿ ಒಂದೊಂದೇ ವರ್ಷ. ಬಿ.ಸಿ. ಎಂದರೆ ಹೆಚ್ಚು ಆಳ, ಎ.ಬಿ. ಎಂದರೆ ತೆಳು ಎಂದು ಪೋಷಕರು ತಿಳಿಯುತ್ತಾರೆ. ಇದು ಸರಿಯಲ್ಲ. ಎರಡಕ್ಕೂ ಸಮಾನವಾದ ವಿಷಯಗಳಲ್ಲಿ ಅಪೇಕ್ಷಿಸುವ ಆಳ ಒಂದೇ. ವಿವರವಾಗಿ ಉತ್ತರಿಸಬೇಕಾದ ಆರು ಪ್ರಶ್ನೆಗಳಲ್ಲಿ ಮೂರು ಎರಡೂ ಪತ್ರಿಕೆಗಳಲ್ಲಿ ಒಂದೇ ಆಗಿರುತ್ತವೆ. ಬಿ.ಸಿ. ಬರೆದವನಿಗೆ ಎ.ಬಿ. ಭಾಗದ ಸಾಧನೆಯನ್ನು ತೋರಿಸುವ ಉಪಾಂಕವನ್ನೂ ಕೊಡುತ್ತಾರೆ. ಆದ್ದರಿಂದ ವ್ಯತ್ಯಾಸವಿರುವುದು ವಿಸ್ತಾರದಲ್ಲಿ, ಮತ್ತು ವಿಸ್ತಾರದ ಕಾರಣದಿಂದ ಬರುವ ವೇಗದಲ್ಲಿ. ಎ.ಬಿ. ತರಗತಿಯಲ್ಲಿ ಅಧ್ಯಾಪಕರು ಒಂದು ಲೆಕ್ಕವನ್ನು ಮೂರು ರೀತಿಯಲ್ಲಿ ಬಿಡಿಸಿ ತೋರಿಸಲು ಅವಕಾಶವಿದ್ದರೆ, ಬಿ.ಸಿ.ಯಲ್ಲಿ ಒಂದು ರೀತಿಯಲ್ಲಿ ಬಿಡಿಸಿ ಮುಂದೆ ಹೋಗಬೇಕಾಗುತ್ತದೆ.

ಇನ್ನೊಂದು ತಪ್ಪು ಅಂಕಿ ಅಂಶಗಳಿಂದ ಹುಟ್ಟುತ್ತದೆ. 2023ರಲ್ಲಿ ಬಿ.ಸಿ. ಪರೀಕ್ಷೆ ಬರೆದವರಲ್ಲಿ ನೂರಕ್ಕೆ ಸುಮಾರು 43 ಮಂದಿ ಅತ್ಯುನ್ನತವಾದ 5 ಅಂಕ ಪಡೆದರು. ಎ.ಬಿ.ಯಲ್ಲಿ ಹಾಗೆ ಪಡೆದವರು ನೂರಕ್ಕೆ ಸುಮಾರು 22 ಮಂದಿ. ಇದನ್ನು ನೋಡಿ "ಬಿ.ಸಿ.ಯಲ್ಲಿಯೇ ಅಂಕ ಸುಲಭ" ಎಂದು ತರ್ಕಿಸುವ ಜಾಣರಿದ್ದಾರೆ. ಈಜು ಬಲ್ಲವರೇ ಹೊಳೆಯ ನಡುವಿಗೆ ಹೋಗುತ್ತಾರೆ. ಅಲ್ಲಿ ಮುಳುಗಿದವರು ಕಡಮೆಯೆಂದು ನಡುಹೊಳೆಯಲ್ಲಿ ಆಳ ಕಡಮೆಯೆನ್ನಲಾದೀತೆ? ಬಿ.ಸಿ.ಗೆ ಹೋಗುವವರು ಮೊದಲೇ ಆಯ್ದು ಬಂದವರು. ಕೆಲವು ಶಾಲೆಗಳಲ್ಲಿ ಒಂದು ವರ್ಷ ಎ.ಬಿ. ಮುಗಿಸಿ ಮರುವರ್ಷ ಬಿ.ಸಿ.ಗೆ ಬಂದವರು. ಅಂಕಿಗಳು ಪತ್ರಿಕೆಯ ಗುಣಕ್ಕಿಂತ ಬರೆದವರ ಗುಣವನ್ನು ಹೆಚ್ಚಾಗಿ ಹೇಳುತ್ತಿವೆ.

ಬಿ.ಸಿ.ಯ ನಿಜವಾದ ಆಕರ್ಷಣೆ ಅನಂತ ಶ್ರೇಣಿಗಳು. 1/2, 1/4, 1/8 ಎಂದು ಅರ್ಧ ಅರ್ಧವಾಗಿ ಕೂಡುತ್ತಾ ಹೋದರೆ ಮೊತ್ತ 1ಕ್ಕೆ ಎಷ್ಟು ಬೇಕಾದರೂ ಹತ್ತಿರವಾಗುತ್ತದೆ, ಅದನ್ನು ಎಂದೂ ಮೀರುವುದಿಲ್ಲ. ಆದರೆ 1, 1/2, 1/3, 1/4 ಎಂದು ಕೂಡಿದರೆ? ಹತ್ತು ಲಕ್ಷ ಪದಗಳನ್ನು ಕೂಡಿದರೂ ಮೊತ್ತ 15ನ್ನು ಮುಟ್ಟುವುದಿಲ್ಲ. ಹಾಗಿದ್ದೂ ಈ ಶ್ರೇಣಿಗೆ ಮೇರೆಯಿಲ್ಲ. 1/3 ಮತ್ತು 1/4 ಸೇರಿ ಅರ್ಧಕ್ಕಿಂತ ಹೆಚ್ಚು. ಮುಂದಿನ ನಾಲ್ಕು ಪದಗಳು ಸೇರಿ ಅರ್ಧಕ್ಕಿಂತ ಹೆಚ್ಚು. ಅದರ ಮುಂದಿನ ಎಂಟು ಪದಗಳೂ ಹಾಗೆಯೇ. ಹೀಗೆ ಅರ್ಧಗಳನ್ನು ಎಣಿಸುತ್ತಾ ಹೋದರೆ ಯಾವ ಸಂಖ್ಯೆಯನ್ನಾದರೂ ದಾಟಬಹುದು. ಮೊದಲ ಬಾರಿ ಇದನ್ನು ಕಂಡ ವಿದ್ಯಾರ್ಥಿಯ ಮುಖದಲ್ಲಿ ಮೂಡುವ ಬೆರಗನ್ನು ನೋಡುವುದು ಅಧ್ಯಾಪಕನಿಗೆ ಸಿಗುವ ದೊಡ್ಡ ಸಂಭಾವನೆ.

ಸೈನ್, ಕೊಸೈನ್‌ಗಳಂಥ ಉತ್ಪನ್ನಗಳನ್ನು ಬರಿಯ ಕೂಡು, ಕಳೆ, ಗುಣಾಕಾರ, ಭಾಗಾಕಾರಗಳಿಂದ ಕಂಡುಹಿಡಿಯಲು ಶ್ರೇಣಿಗಳೇ ದಾರಿ. 0.1 ರೇಡಿಯನ್ ಕೋನದ ಸೈನ್ ಬೇಕೆನ್ನಿ. 0.1ರಿಂದ ಅದರ ಘನದ ಆರನೆಯ ಒಂದು ಭಾಗವನ್ನು ಕಳೆದರೆ 0.0998333 ದೊರೆಯುತ್ತದೆ, ನಿಜವಾದ ಬೆಲೆ 0.0998334. ಎರಡೇ ಪದಗಳಲ್ಲಿ ಇಷ್ಟು ನಿಖರತೆ. ಈ ವಿದ್ಯೆ ನಮ್ಮ ನೆರೆಯ ಕೇರಳದಲ್ಲಿ ಹದಿನಾಲ್ಕನೆಯ ಶತಮಾನದಲ್ಲಿಯೇ ಸಂಗಮಗ್ರಾಮದ ಮಾಧವನ ಕೈಯಲ್ಲಿ ಬೆಳೆದಿತ್ತು. ಹದಿನಾರನೆಯ ಶತಮಾನದಲ್ಲಿ ಜ್ಯೇಷ್ಠದೇವನು ಮಲಯಾಳದಲ್ಲಿ ಬರೆದ 'ಯುಕ್ತಿಭಾಷಾ' ಅದರ ಉಪಪತ್ತಿಗಳನ್ನು ವಿವರಿಸುತ್ತದೆ. ನ್ಯೂಟನ್, ಲೈಬ್ನಿಟ್ಸರು ಹುಟ್ಟಿದ್ದು ಅದಾದ ಮೇಲೆ.

ಇಂಥ ವಿಷಯ ಯಾರಿಗೆ ತಾನೆ ಬೇಡ? ಆದರೆ ಇದನ್ನು ಕಲಿಯುವ ಸಮಯಕ್ಕೆ ಹಳೆಯ ಪಾಠ ಕೈಹಿಡಿಯಬೇಕು. ಕಲನದಲ್ಲಿ ಸೋತ ವಿದ್ಯಾರ್ಥಿಗಳ ಉತ್ತರಪತ್ರಿಕೆಗಳನ್ನು ನಾನು ಅನೇಕ ವರ್ಷ ತಿದ್ದಿದ್ದೇನೆ. ಅವಕಲನದ ನಿಯಮವನ್ನು ತಪ್ಪಿದವರು ಅವರಲ್ಲಿ ಕಡಮೆ. ನಿಯಮವನ್ನು ಸರಿಯಾಗಿ ಹಚ್ಚಿ, ಮುಂದಿನ ಸಾಲಿನಲ್ಲಿ ಆವರಣವನ್ನು ಬಿಡಿಸುವಾಗ ಎಡವಿದವರೇ ಬಹಳ. 9 ಮತ್ತು 16ರ ಮೊತ್ತದ ವರ್ಗಮೂಲ 5 ಎಂದು ಹೇಳುವ ಹುಡುಗನೇ ಅಕ್ಷರಗಳು ಬಂದಾಗ ಎರಡು ವರ್ಗಗಳ ಮೊತ್ತದ ವರ್ಗಮೂಲವನ್ನು ಬಿಡಿಬಿಡಿಯಾಗಿ ತೆಗೆದು ಕೂಡಿಬಿಡುತ್ತಾನೆ. 2ರ ಲಾಗರಿದಮ್ಮಿಗೆ 3ರ ಲಾಗರಿದಮ್ಮನ್ನು ಕೂಡಿದರೆ 5ರದೋ 6ರದೋ ಎಂದು ಕೇಳಿದಾಗ ತಡವರಿಸುತ್ತಾನೆ. ಎ.ಬಿ. ತರಗತಿಯಲ್ಲಿ ಇಂಥ ತಪ್ಪನ್ನು ತಿದ್ದಿಕೊಳ್ಳಲು ಒಂದು ವಾರ ಸಿಗುತ್ತದೆ. ಬಿ.ಸಿ.ಯಲ್ಲಿ ಆ ವಾರದೊಳಗೆ ಅಧ್ಯಾಯವೇ ಮುಗಿದಿರುತ್ತದೆ. ಆಮೇಲೆ ವಿದ್ಯಾರ್ಥಿ ತನ್ನ ಬೀಜಗಣಿತ ದುರ್ಬಲವೆಂದು ತಿಳಿಯುವುದಿಲ್ಲ. ತನಗೆ ಗಣಿತವೇ ಬಾರದೆಂದು ತಿಳಿಯುತ್ತಾನೆ. ಆ ನಷ್ಟ ಒಂದು ಪರೀಕ್ಷೆಯದಲ್ಲ.

ಲಾಸ್ ಏಂಜಲಿಸ್ ನಗರದ ಪೂರ್ವಭಾಗದ ಗಾರ್ಫೀಲ್ಡ್ ಪ್ರೌಢಶಾಲೆಯ ಕಥೆ ಇಲ್ಲಿ ನೆನಪಾಗುತ್ತದೆ. ಬೊಲಿವಿಯ ದೇಶದಿಂದ ಬಂದ ಹೈಮೆ ಎಸ್ಕಲಾಂಟೆ ಎಂಬ ಅಧ್ಯಾಪಕರು 1974ರಲ್ಲಿ ಆ ಶಾಲೆಗೆ ಸೇರಿದರು. ಅಲ್ಲಿನ ಮಕ್ಕಳು ಬಹುಮಟ್ಟಿಗೆ ಬಡ ಕುಟುಂಬಗಳವರು. ಅವರು 1978ರಲ್ಲಿ ಆರಂಭಿಸಿದ ಕಲನ ತರಗತಿಯಲ್ಲಿ ಕೊನೆಯವರೆಗೆ ಉಳಿದವರು ಐದು ಮಂದಿ, ತೇರ್ಗಡೆಯಾದವರು ಇಬ್ಬರು. 1982ರಲ್ಲಿ 18 ಮಂದಿ ಎ.ಬಿ. ಪರೀಕ್ಷೆಯಲ್ಲಿ ತೇರ್ಗಡೆಯಾದಾಗ ಪರೀಕ್ಷಾ ಸಂಸ್ಥೆ 14 ಮಂದಿಯನ್ನು ಸಂಶಯಿಸಿತು. ಅವರಲ್ಲಿ 12 ಮಂದಿ ಮತ್ತೆ ಬರೆದರು, ಎಲ್ಲರೂ ತೇರ್ಗಡೆಯಾದರು. 1987ರ ವೇಳೆಗೆ ಅದೇ ಶಾಲೆಯಲ್ಲಿ ಎ.ಬಿ.ಯಲ್ಲಿ ತೇರ್ಗಡೆಯಾದವರು 73, ಬಿ.ಸಿ.ಯಲ್ಲಿ 12. ಈ ಕಥೆಯನ್ನು ಆಧರಿಸಿ 1988ರಲ್ಲಿ ಬಂದ ಚಲನಚಿತ್ರ ಎಲ್ಲವೂ ಬಹು ಬೇಗನೆ ನಡೆದಂತೆ ತೋರಿಸುತ್ತದೆ. ವಾಸ್ತವದಲ್ಲಿ ಎಸ್ಕಲಾಂಟೆ ಕೆಳಗಿನ ತರಗತಿಗಳ ಬೀಜಗಣಿತ, ತ್ರಿಕೋನಮಿತಿಗಳನ್ನು ವರ್ಷಗಟ್ಟಲೆ ಬಲಪಡಿಸಿ, ಬೇಸಗೆಯ ರಜೆಯಲ್ಲಿಯೂ ಪಾಠ ನಡೆಸಿ ಈ ಫಲ ಕಂಡರು. ಆ 12 ಮಂದಿ ಬಿ.ಸಿ. ವಿದ್ಯಾರ್ಥಿಗಳು ಆ ಬುನಾದಿಯ ಮೇಲೆ ನಿಂತವರು.

ವಿದ್ಯಾರ್ಥಿಯ ಗುರಿಯನ್ನೂ ಗಮನಿಸಬೇಕು. ಎಂಜಿನಿಯರಿಂಗ್, ಭೌತಶಾಸ್ತ್ರ, ಗಣಿತಗಳತ್ತ ಮನಸ್ಸಿರುವವನಿಗೆ, ಬುನಾದಿ ಗಟ್ಟಿಯಿದ್ದರೆ, ಬಿ.ಸಿ. ನಿಸ್ಸಂದೇಹವಾಗಿ ಲಾಭದಾಯಕ. ಎಂ.ಐ.ಟಿ.ಯಂಥ ಸಂಸ್ಥೆ ತನ್ನ ಮೊದಲ ಕಲನ ಪಾಠಕ್ಕೆ ವಿನಾಯಿತಿ ಕೊಡುವುದು ಬಿ.ಸಿ.ಯಲ್ಲಿ 5 ಪಡೆದವರಿಗೆ, ಎ.ಬಿ.ಗೆ ಕೊಡುವುದಿಲ್ಲ. ಸಂಸ್ಥೆಯಿಂದ ಸಂಸ್ಥೆಗೆ ನಿಯಮ ಬೇರೆಯಾಗುವುದರಿಂದ ಸೇರಬೇಕೆಂದಿರುವ ಕಡೆಯ ನಿಯಮವನ್ನು ಆಗಾಗ ನೋಡಿಕೊಳ್ಳುವುದು ಲೇಸು. ಇತಿಹಾಸ, ಕಾನೂನು, ಜೀವಶಾಸ್ತ್ರಗಳತ್ತ ಒಲಿದವನಿಗೆ ಎ.ಬಿ. ಧಾರಾಳವಾಗಿ ಸಾಕು. ವಿನಾಯಿತಿ ಸಿಕ್ಕಿತೆಂದು ಅರೆಬರೆ ಕಲಿತ ಪಾಠವನ್ನು ಹಾರಿ ಮುಂದಕ್ಕೆ ಹೋದವನಿಗೆ ಆ ವಿನಾಯಿತಿಯೇ ಕುತ್ತಾಗಬಹುದು. ಅಮೆರಿಕದ ಗಣಿತಾಧ್ಯಾಪಕರ ಎರಡು ಪ್ರಮುಖ ಸಂಘಗಳು 2012ರಲ್ಲಿ ಒಟ್ಟಾಗಿ ಹೊರಡಿಸಿದ ಹೇಳಿಕೆಯ ಆಶಯವೂ ಇದೇ: ಹನ್ನೆರಡನೆಯ ತರಗತಿಯೊಳಗೆ ಕಲನವನ್ನು ಮುಗಿಸುವುದೇ ಶಾಲಾಗಣಿತದ ಪರಮಗುರಿಯಾಗಬಾರದು, ಮುಂದಿನ ಅಧ್ಯಯನಕ್ಕೆ ಬೇಕಾದ ಬುನಾದಿ ಬೀಳಬೇಕು.

ಎಷ್ಟೋ ಶಾಲೆಗಳಲ್ಲಿ ಎರಡೂ ತರಗತಿಗಳು ಇರುವುದೇ ಇಲ್ಲ. ಎ.ಬಿ. ಮಾತ್ರ ಇರುವಲ್ಲಿ ಉತ್ಸಾಹಿ ವಿದ್ಯಾರ್ಥಿ ಉಳಿದೆರಡು ಘಟಕಗಳನ್ನು ಸ್ವಂತವಾಗಿ ಓದಿಕೊಳ್ಳಬಹುದು. ಎರಡೂ ಇರುವಲ್ಲಿ, ಶಾಲೆ ಒಪ್ಪಿದರೆ, ಮೊದಲ ಕೆಲವು ವಾರಗಳಲ್ಲಿ ಬಿ.ಸಿ.ಯಿಂದ ಎ.ಬಿ.ಗೆ ಇಳಿಯುವುದು ಕಷ್ಟವಲ್ಲ, ಏಕೆಂದರೆ ಆರಂಭದ ಪಾಠಗಳು ಒಂದೇ. ಎ.ಬಿ.ಯಿಂದ ಬಿ.ಸಿ.ಗೆ ಏರುವುದು ದಿನ ಕಳೆದಂತೆ ಕಷ್ಟವಾಗುತ್ತದೆ. ಇಳಿದರೆ ಮರ್ಯಾದೆ ಹೋಯಿತೆಂಬ ಭಾವನೆ ಮಕ್ಕಳಿಗಿಂತ ನಮ್ಮ ತಂದೆತಾಯಿಗಳಲ್ಲಿಯೇ ಹೆಚ್ಚು. "ಪರಿಚಯದವರ ಮಕ್ಕಳೆಲ್ಲ" ಎಂಬ ಮಾತು ಆ ಪತ್ರದಲ್ಲಿ ಎರಡು ಸಲ ಬಂದಿತ್ತು. ಮಗಳು ಏನನ್ನುತ್ತಾಳೆಂಬುದು ಒಮ್ಮೆಯೂ ಬಂದಿರಲಿಲ್ಲ.

ನಾನು ಉತ್ತರದೊಂದಿಗೆ ಐದು ಲೆಕ್ಕಗಳನ್ನು ಕಳುಹಿಸಿದೆ. ಯಾವುದರಲ್ಲಿಯೂ ಕಲನವಿರಲಿಲ್ಲ, ಭಿನ್ನರಾಶಿ, ವರ್ಗಮೂಲ, ಲಾಗರಿದಮ್, ತ್ರಿಕೋನಮಿತಿ, ಮತ್ತು ಗೋಡೆಗೆ ಒರಗಿಸಿದ ಏಣಿಯ ಮೇಲೊಂದು ಮಾತಿನ ಲೆಕ್ಕ. ಗಣಕಯಂತ್ರವನ್ನು ಮುಟ್ಟದೆ, ಗಡಿಯಾರವನ್ನು ಮುಂದಿಟ್ಟುಕೊಂಡು, ಅರ್ಧ ಗಂಟೆಯಲ್ಲಿ ಮಾಡಿಸಿ ಎಂದು ಬರೆದೆ. ಮೂರು ವಾರದ ಮೇಲೆ ಮರುಪತ್ರ ಬಂತು, ಈ ಬಾರಿ ತಂದೆಯದಲ್ಲ, ಮಗಳದೇ. ನಾಲ್ಕು ಲೆಕ್ಕಗಳು ಸರಿಯಾಗಿದ್ದವು, ಲಾಗರಿದಮ್ಮಿನದು ತಪ್ಪಿತ್ತು. ಹಾಳೆಯ ಕೆಳಗೆ, ಎರಡು ಸಂಖ್ಯೆಗಳನ್ನು ಗುಣಿಸುವಾಗ ಲಾಗರಿದಮ್ಮುಗಳನ್ನೇಕೆ ಕೂಡಬೇಕು, ಅದಕ್ಕೆ ಕಾರಣ ತಿಳಿಸಿಕೊಡುವಿರಾ ಎಂದು ಕೇಳಿದ್ದಳು. ಕಾರಣವನ್ನು ಎರಡು ಪುಟಗಳಲ್ಲಿ ಬರೆದು ಕಳುಹಿಸಿ, ಅದು ತಿಳಿದರೆ ಬಿ.ಸಿ.ಗೆ ಸೇರಬಹುದೆಂದು ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೇನೆ. ಅವಳ ಶಾಲೆ ಆರಂಭವಾಗುವುದು ಆಗಸ್ಟಿನಲ್ಲಿ.