ಹೊಸ ಗಣಿ, ಹಳೆಯ ನಂಬಿಕೆಗಳು: ಪರಿಸರ ಅಧ್ಯಯನದ ಐದು ತಪ್ಪು ಕಲ್ಪನೆ

ಊರ ಪಕ್ಕದ ಗುಡ್ಡಕ್ಕೆ ಗಣಿ ಬರುತ್ತದಂತೆ ಎಂಬ ಸುದ್ದಿ ಹಬ್ಬಿದೊಡನೆ ಜನ ಕೇಳುವುದು ‘ಮೀಟಿಂಗ್ ಯಾವಾಗ?’ ಎಂದು. ಶಾಮಿಯಾನ ಹಾಕಿ ಸಭೆ ಕರೆಯುವ ಹೊತ್ತಿಗೆ ಪರಿಸರ ಅಧ್ಯಯನದ ಬಹುಪಾಲು ಮುಗಿದಿರುತ್ತದೆ. ಏನನ್ನು, ಎಲ್ಲಿ, ಯಾವ ಕಾಲದಲ್ಲಿ ಅಳೆಯಬೇಕು ಎಂಬುದು ಗೊತ್ತಾಗಿರುವುದು ಅದಕ್ಕೂ ಎಷ್ಟೋ ಮೊದಲು. ಈ ವ್ಯವಸ್ಥೆಗೆ ಆಧಾರ ಕೇಂದ್ರ ಸರ್ಕಾರದ 2006ರ ಸೆಪ್ಟೆಂಬರ್ 14ರ ಅಧಿಸೂಚನೆ. ಅದರ ಸುತ್ತ ಬೆಳೆದಿರುವ ಐದು ನಂಬಿಕೆಗಳನ್ನು ಇಲ್ಲಿ ಪರಿಶೀಲಿಸೋಣ.

ನಂಬಿಕೆ 1: ಎಲ್ಲ ತೀರ್ಮಾನವಾಗುವುದು ಸಭೆಯ ದಿನ

ಸತ್ಯ: ಸಾರ್ವಜನಿಕ ಆಲಿಕೆ ಮೂರನೇ ಹಂತ. ಮೊದಲು ಯೋಜನೆಯ ವರ್ಗೀಕರಣ. ಆಮೇಲೆ ತಜ್ಞರ ಸಮಿತಿ ಅಧ್ಯಯನದ ವ್ಯಾಪ್ತಿಯನ್ನು ನಿಗದಿ ಮಾಡುತ್ತದೆ. ಕಚೇರಿಗಳಲ್ಲಿ ಇದನ್ನು ಟಿಒಆರ್ ಎನ್ನುತ್ತಾರೆ. ಅದರಂತೆ ಕರಡು ವರದಿ ಸಿದ್ಧವಾಗಿ ಸಭೆಗೆ ಬರುತ್ತದೆ. ಕೊನೆಯದು ಸಮಿತಿಯ ಪರಿಶೀಲನೆ.

ಗಣಿಯ ಗುಂಡಿ ಅಂತರ್ಜಲ ಮಟ್ಟಕ್ಕಿಂತ ಕೆಳಗೆ ಇಳಿಯುತ್ತದೆಯೇ? ತೆಗೆದ ಮಣ್ಣನ್ನು ಯಾವ ಹಳ್ಳದ ದಂಡೆಯಲ್ಲಿ ರಾಶಿ ಹಾಕುತ್ತಾರೆ? ಅದಿರಿನ ಲಾರಿಗಳು ಶಾಲೆಯ ಮುಂದಿನ ರಸ್ತೆಯಲ್ಲೇ ಓಡುತ್ತವೆಯೇ? ಇಂಥ ಪ್ರಶ್ನೆ ಟಿಒಆರ್‌ನಲ್ಲಿ ಇಲ್ಲದಿದ್ದರೆ ವರದಿಯಲ್ಲಿ ಉತ್ತರ ಹುಡುಕುವುದು ವ್ಯರ್ಥ. ಈ ಹಂತದಲ್ಲಿ ಊರಿನವರನ್ನು ಕೇಳಲೇಬೇಕೆಂಬ ನಿಯಮವಿಲ್ಲ. ಆದರೂ ಕಂಪನಿಯ ಅರ್ಜಿ ಮತ್ತು ಟಿಒಆರ್ ‘ಪರಿವೇಶ್’ ಜಾಲತಾಣದಲ್ಲಿ ಸಿಗುತ್ತವೆ. ಗ್ರಾಮ ಪಂಚಾಯಿತಿ ಆಗಲೇ ಸಮಿತಿಗೆ ಪತ್ರ ಬರೆದರೆ ತಡೆಯುವವರಿಲ್ಲ.

ನಂಬಿಕೆ 2: ವರದಿ ಸರ್ಕಾರದ್ದು, ಅಂಕಿಗಳು ಸರಿಯಾಗಿಯೇ ಇರುತ್ತವೆ

ಸತ್ಯ: ವರದಿ ಬರೆಸುವುದು ಗಣಿ ಕಂಪನಿ, ಬರೆಯುವುದು ಅದು ಹಣ ಕೊಟ್ಟು ನೇಮಿಸಿಕೊಂಡ ಸಲಹಾ ಸಂಸ್ಥೆ. ಸಂಸ್ಥೆಗೆ ಮಾನ್ಯತೆ ಕಡ್ಡಾಯ, ನಿಜ. ಹಾಗೆಂದು ತಪ್ಪು ನುಸುಳುವುದಿಲ್ಲ ಎಂದಲ್ಲ. ಮಹಾರಾಷ್ಟ್ರದ ರತ್ನಾಗಿರಿಯ ಬಾಕ್ಸೈಟ್ ಗಣಿಯೊಂದರ ವರದಿಯಲ್ಲಿ ರಷ್ಯದ ಗಣಿಯ ವಿವರಗಳು ನಕಲಾಗಿ ಬಂದಿದ್ದವು. ಬೇಕೆಂದೇ ಸುಳ್ಳು ಮಾಹಿತಿ ಕೊಟ್ಟರೆ ಅರ್ಜಿ ತಿರಸ್ಕರಿಸಲು, ಕೊಟ್ಟ ಅನುಮತಿಯನ್ನೂ ರದ್ದು ಮಾಡಲು ಅಧಿಸೂಚನೆಯಲ್ಲೇ ಅವಕಾಶವಿದೆ.

ಇಷ್ಟು ಢಾಳಾಗಿ ಕಾಣದ ದೋಷಗಳೂ ಉಂಟು. ಗಣಿ ವರದಿಗಳಿಗೆ ಸಾಮಾನ್ಯವಾಗಿ ಮಳೆಗಾಲ ಬಿಟ್ಟು ಒಂದು ಋತುವಿನ ಅಳತೆ ಸಾಕು. ದೂಳಿನ ಕೋಷ್ಟಕ ತೆರೆದು ಅಳತೆಯ ತಿಂಗಳು ಯಾವುದು, ಮಾಪಕ ಇಟ್ಟ ಊರು ಯಾವುದು ಎಂದು ನೋಡಿ. ಗಾಳಿಯ ದಿಕ್ಕು ತೋರಿಸುವ ನಕ್ಷೆಯನ್ನು ಪಕ್ಕದಲ್ಲಿಟ್ಟುಕೊಳ್ಳಿ. ಆ ತಿಂಗಳುಗಳಲ್ಲಿ ಗಾಳಿ ಪೂರ್ವದಿಂದ ಬೀಸಿದ್ದರೆ ದೂಳು ಹೋಗುವುದು ಪಶ್ಚಿಮಕ್ಕೆ. ಮಾಪಕಗಳೆಲ್ಲ ಗಣಿಯ ಪೂರ್ವಕ್ಕೇ ಇದ್ದರೆ ಅಂಕಿ ನಿಜವೇ ಇರಬಹುದು, ಆದರೆ ದೂಳು ಕುಡಿಯಬೇಕಾದ ಊರಿನದಲ್ಲ.

ನಂಬಿಕೆ 3: ಸಭೆ ಬಹಿಷ್ಕರಿಸಿದರೆ ಗಣಿ ನಿಲ್ಲುತ್ತದೆ

ಸತ್ಯ: ಆಲಿಕೆಗೆ ಕೋರಂ ಇಲ್ಲ. ಹತ್ತೇ ಜನ ಬಂದರೂ ಸಭೆ ನಡೆದಂತೆಯೇ. ಅಲ್ಲಿ ಮತ ಎಣಿಕೆಯೂ ಇಲ್ಲ, ಆದ್ದರಿಂದ ಸಾವಿರ ಕೈ ಮೇಲೆದ್ದ ಮಾತ್ರಕ್ಕೆ ಯೋಜನೆ ಬಿದ್ದುಹೋಗುವುದಿಲ್ಲ. ಒಡಿಶಾದ ನಿಯಮಗಿರಿಯಲ್ಲಿ 2013ರಲ್ಲಿ 12 ಗ್ರಾಮಸಭೆಗಳು ಬಾಕ್ಸೈಟ್ ಗಣಿ ಬೇಡವೆಂದದ್ದು ಅರಣ್ಯ ಹಕ್ಕು ಕಾಯ್ದೆಯ ಬಲದಿಂದ, ಸುಪ್ರೀಂ ಕೋರ್ಟ್ ತೀರ್ಪಿನಂತೆ. ಆ ಗ್ರಾಮಸಭೆ ಬೇರೆ, ಈ ಆಲಿಕೆ ಬೇರೆ.

ಹಾಗಾದರೆ ಇದು ಬರೀ ನಾಟಕವೇ? ಅದೂ ಅಲ್ಲ. ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಜಿಲ್ಲಾಧಿಕಾರಿ ಅಥವಾ ಅಪರ ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಅಧ್ಯಕ್ಷತೆ ವಹಿಸಬೇಕು. ಇಡೀ ಸಭೆಯ ವಿಡಿಯೊ ಚಿತ್ರೀಕರಣವಾಗಬೇಕು. ನಡಾವಳಿಯನ್ನು ಜನರ ಭಾಷೆಯಲ್ಲಿ ಓದಿ ಹೇಳಬೇಕು. ಲಿಖಿತ ಆಕ್ಷೇಪಣೆಗೂ ಜಾಗವಿದೆ. ಗೋವಾದ ಗಣಿಯೊಂದಕ್ಕೆ ಸಂಬಂಧಿಸಿದ ಉತ್ಕರ್ಷ್ ಮಂಡಲ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2009ರಲ್ಲಿ ಹೇಳಿದ್ದು ಸ್ಪಷ್ಟ: ಜನರ ಆಕ್ಷೇಪಣೆಗಳನ್ನು ಹೇಗೆ ಪರಿಗಣಿಸಿದೆ ಎಂದು ತಜ್ಞರ ಸಮಿತಿ ಕಾರಣ ಸಮೇತ ದಾಖಲಿಸಬೇಕು. ‘ದೂಳು ಬರುತ್ತದೆ’ ಎಂಬ ಆಕ್ಷೇಪಣೆಗೆ ‘ನೀರು ಚಿಮುಕಿಸುತ್ತೇವೆ’ ಎಂಬ ಒಂದು ಸಾಲು ಸಾಕಾಗುತ್ತದೆ. ‘ಆ ನೀರನ್ನು ಯಾವ ಕೆರೆಯಿಂದ, ದಿನಕ್ಕೆ ಎಷ್ಟು ಟ್ಯಾಂಕರ್ ತರುತ್ತೀರಿ?’ ಎಂದು ಬರೆದುಕೊಟ್ಟರೆ ಅಷ್ಟರಲ್ಲಿ ಮುಗಿಯುವುದಿಲ್ಲ.

ನಂಬಿಕೆ 4: ಸಣ್ಣ ಗಣಿ, ಸಣ್ಣ ಹಾನಿ

ಸತ್ಯ: ಐದು ಹೆಕ್ಟೇರಿಗಿಂತ ಚಿಕ್ಕ ಉಪಖನಿಜ ಗುತ್ತಿಗೆಗೂ ಪರಿಸರ ಅನುಮತಿ ಬೇಕೆಂದು 2012ರ ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ಒಂದು ಗುತ್ತಿಗೆಯ ಗಡಿಯಿಂದ 500 ಮೀಟರ್ ಒಳಗೆ ಅದೇ ಬಗೆಯ ಮತ್ತೊಂದು ಗುತ್ತಿಗೆ ಇದ್ದರೆ ಅವನ್ನು ಒಂದು ಗುಂಪೆಂದು ಪರಿಗಣಿಸಬೇಕು. ಕಲ್ಲು ಕ್ವಾರಿಗಳು ಸಾಲಾಗಿರುವ ಕಡೆ ಮೊದಲು ಕೇಳಬೇಕಾದದ್ದು ಇದನ್ನೇ.

ಒಂದೊಂದನ್ನೇ ಬಿಡಿಯಾಗಿ ನೋಡಿದರೆ ಏನು ತಪ್ಪಿಹೋಗುತ್ತದೆ ಎಂಬುದಕ್ಕೆ ಬಳ್ಳಾರಿಯೇ ಸಾಕ್ಷಿ. 2011ರ ಜುಲೈನಲ್ಲಿ ಅಲ್ಲಿನ ಗಣಿಗಾರಿಕೆ ನಿಲ್ಲಿಸಿದ ಸುಪ್ರೀಂ ಕೋರ್ಟ್, ಇಡೀ ಪ್ರದೇಶದ ಒಟ್ಟು ಪರಿಸರ ಪರಿಣಾಮದ ಅಧ್ಯಯನಕ್ಕೆ ಆದೇಶಿಸಿತು. ಜಿಲ್ಲೆಯ ಅದಿರು ಉತ್ಪಾದನೆಗೆ ಮೊದಲು ವರ್ಷಕ್ಕೆ 25 ದಶಲಕ್ಷ ಟನ್ನಿನ ಮಿತಿ ಬಂದದ್ದು ಆ ನಂತರವೇ.

ನಂಬಿಕೆ 5: ಅನುಮತಿ ಸಿಕ್ಕಿತೆಂದರೆ ಕಥೆ ಮುಗಿಯಿತು

ಸತ್ಯ: ಪರಿಸರ ಅನುಮತಿ ಸಿಕ್ಕರೂ, ಅರಣ್ಯ ಭೂಮಿಯಾದರೆ ಅರಣ್ಯ ತೀರುವಳಿ ಬೇರೆಯೇ ಬೇಕು. ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಯೂ ಬೇಕು. ಷರತ್ತು ಪಾಲಿಸಿದ ಬಗ್ಗೆ ಕಂಪನಿ ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ವರದಿ ಸಲ್ಲಿಸಬೇಕು. ಅವು ಸಾರ್ವಜನಿಕ ದಾಖಲೆ, ಯಾರು ಬೇಕಾದರೂ ಕೇಳಿ ಪಡೆಯಬಹುದು. ಅನುಮತಿಯನ್ನು ಪ್ರಶ್ನಿಸುವವರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ 30 ದಿನದೊಳಗೆ ಮೇಲ್ಮನವಿ ಸಲ್ಲಿಸಬೇಕು. ತಡವಾದದ್ದಕ್ಕೆ ತಕ್ಕ ಕಾರಣ ತೋರಿಸಿದರೆ ಇನ್ನು 60 ದಿನ ಸಿಗಬಹುದು, ಅದರಾಚೆಗಿಲ್ಲ. ಅಷ್ಟರಲ್ಲಿ ಬೋರ್‌ವೆಲ್‌ಗಳ ನೀರಿನ ಮಟ್ಟವನ್ನು ಒಂದು ವರ್ಷ ಅಳೆದು ತೋರಿಸಲು ಯಾರಿಂದಲೂ ಆಗದು. ಟಿಒಆರ್ ಹಂತದಲ್ಲೇ ಅಳತೆ ಶುರುಮಾಡಿ, ಕೊಟ್ಟ ಪ್ರತಿ ಪತ್ರಕ್ಕೂ ಸ್ವೀಕೃತಿ ಪಡೆದುಕೊಂಡ ಊರಿಗೆ ಮಾತ್ರ ಆ ದಿನಗಳು ಸಾಕಾಗುತ್ತವೆ.