ಬಿಳಿಮೀನಿಗೆ ಉಳಿಗಾಲವುಂಟೆ?

ಕೆರೆಗೆ ಕಾಟ್ಲಾ, ರೋಹು ಮರಿ ಬಿಟ್ಟು ವರ್ಷಕ್ಕೊಮ್ಮೆ ಬಲೆ ಎಳೆಯುವ ರೈತರಿಗೆ ಮೀನೂ ಒಂದು ಬೆಳೆ. ಬಿತ್ತಿದವರು ಕೊಯ್ಯುತ್ತಾರೆ. ಹೊಳೆಯ ಮೀನಿನ ಲೆಕ್ಕ ಹಾಗಲ್ಲ. ಅದನ್ನು ಬಿತ್ತಿದವರು ಯಾರೂ ಇಲ್ಲ, ಕೊಯ್ಯಲು ಮಾತ್ರ ಎಲ್ಲರೂ ಬರುತ್ತಾರೆ. ಆದ್ದರಿಂದಲೇ ಹೊಳೆಯಲ್ಲಿ ಯಾವ ಸಲಕರಣೆಯಿಂದ, ಯಾವ ಕಾಲದಲ್ಲಿ, ಎಷ್ಟು ದೊಡ್ಡ ಮೀನನ್ನು ಹಿಡಿಯಬಹುದು ಎಂಬ ಕಟ್ಟುಪಾಡು ಬೇಕಾಗುತ್ತದೆ. ಅದು ಮುರಿದರೆ ಏನಾಗುತ್ತದೆ ಎಂಬುದನ್ನು ಕಾವೇರಿಯ ಬಿಳಿಮೀನಿನ ಕಥೆಯಿಂದ ತಿಳಿಯಬಹುದು. ಹೊರಗಿನವರು ಮಹಶೀರ್ ಎಂದು ಕರೆಯುವ ಮೀನು ಇದೇ.

ಮಹಶೀರ್‌ನಲ್ಲಿ ಹಲವು ಜಾತಿಗಳಿವೆ. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಬೇರೆಲ್ಲೂ ಇಲ್ಲದ ಜಾತಿ ಒಂದಿದೆ. ಬೆನ್ನು ಗೂನಾಗಿ ಏರಿರುತ್ತದೆ, ರೆಕ್ಕೆಗಳು ಕಿತ್ತಳೆ ಬಣ್ಣ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರ ಗಾಳಕ್ಕೆ ಬಿದ್ದ ಮೀನು 120 ಪೌಂಡು ತೂಗಿತು. ಅಂದರೆ ಸುಮಾರು 54 ಕಿಲೋ, ಹೆಚ್ಚುಕಡಿಮೆ ಒಬ್ಬ ಆಳಿನ ತೂಕ! ಈ ಮೀನಿಗೆ ಗಂಟಲಿನಲ್ಲಿ ಹಲ್ಲುಗಳಿದ್ದು, ಏಡಿಯನ್ನು ಚಿಪ್ಪಿನ ಸಮೇತ ಅರೆದು ನುಂಗುತ್ತದೆ.

ಶೀತ ದೇಶಗಳ ಸಾಲ್ಮನ್ ಮೀನಿನ ಬಗ್ಗೆ ಓದುಗರು ಕೇಳಿರಬಹುದು. ಸಮುದ್ರದಲ್ಲಿ ಬೆಳೆದು, ಮೊಟ್ಟೆಯಿಡಲು ನದಿಯನ್ನು ಏರಿ ಬರುವ ಮೀನು ಅದು. ನಮ್ಮ ಬಿಳಿಮೀನಿಗೆ ಸಮುದ್ರದ ಗೊಡವೆಯಿಲ್ಲ. ಆದರೆ ಮಳೆಗಾಲದಲ್ಲಿ ನೀರು ಏರಿದಾಗ ಇದೂ ಪ್ರವಾಹಕ್ಕೆ ಎದುರಾಗಿ ಈಜಿ, ಕಲ್ಲು ಗರಸಿರುವ ತಾವು ಹುಡುಕಿ ಮೊಟ್ಟೆಯಿಡುತ್ತದೆ. ಶಾಂತಸಾಗರದ ಸಾಲ್ಮನ್ ಜಾತಿಗಳು ಒಮ್ಮೆ ಮೊಟ್ಟೆಯಿಟ್ಟರೆ ಸಾಯುತ್ತವೆ. ಬಿಳಿಮೀನು ಹಾಗಲ್ಲ, ವರ್ಷ ವರ್ಷವೂ ಮೊಟ್ಟೆಯಿಡುತ್ತದೆ. ಆದರೆ ಅದರ ಮೊಟ್ಟೆ ಕಡಿಮೆ. ರೋಹು ತನ್ನ ಒಂದು ಕಿಲೋ ತೂಕಕ್ಕೆ ಲಕ್ಷ ಮೀರಿ ಮೊಟ್ಟೆಯಿಟ್ಟರೆ, ಇದರದು ಸಾವಿರಗಳ ಲೆಕ್ಕ. ಬೆಳವಣಿಗೆಯೂ ನಿಧಾನ. ಹೀಗಾಗಿ ಮಡುವಿನಲ್ಲಿರುವ ಒಂದು ಹಿರಿಯ ಹೆಣ್ಣುಮೀನು ಹೊಳೆಯ ಹತ್ತಾರು ವರ್ಷಗಳ ಬಿತ್ತನೆಯ ಕಣಜವಿದ್ದಂತೆ.

ಇನ್ನು ಸಲಕರಣೆಯ ವಿಚಾರ. ಗಾಳದಿಂದ ಸಿಕ್ಕುವುದು ಒಂದು ಸಲಕ್ಕೆ ಒಂದೇ ಮೀನು. ಕಾವೇರಿಯಲ್ಲಿ ಬಿಳಿಮೀನಿಗೆ ಹೆಸರಾಂತ ಎರೆ ನಮ್ಮ ರಾಗಿಮುದ್ದೆಯೇ! ಗಟ್ಟಿಯಾಗಿ ಬೇಯಿಸಿ ಉಂಡೆ ಕಟ್ಟಿ ಗಾಳಕ್ಕೆ ಸಿಕ್ಕಿಸಿದರೆ, ವಿಲಾಯಿತಿಯಿಂದ ತಂದ ಥಳುಕಿನ ಎರೆಗಳಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಬೀಸುಬಲೆಯೂ ಅಂಥ ಅಪಾಯಕಾರಿಯಲ್ಲ, ಬೀಸುವವನ ತೋಳು ಸೋತರೆ ಅದೂ ನಿಲ್ಲುತ್ತದೆ. ಆದರೆ ನೈಲಾನ್ ಬಲೆಗೆ ದಣಿವೆಂಬುದಿಲ್ಲ. ಹಿಂದಿನ ನೂಲಿನ ಬಲೆಯನ್ನು ಒಣಗಿಸಬೇಕಿತ್ತು, ಮತ್ತೆ ಮತ್ತೆ ಹೆಣೆಯಬೇಕಿತ್ತು. ನೈಲಾನ್ ಬಲೆಯನ್ನು ಸಂಜೆ ಹೊಳೆಗೆ ಅಡ್ಡ ಕಟ್ಟಿ ಮನೆಗೆ ಹೋಗಿ ಮಲಗಬಹುದು. ಬಲೆಯ ಕಣ್ಣು ದೊಡ್ಡದಿದ್ದರೆ ಮರಿಯಾದರೂ ತಪ್ಪಿಸಿಕೊಂಡೀತು. ಬೆರಳು ತೂರದಷ್ಟು ಕಿರಿದಾದ ಕಣ್ಣಿದ್ದರೆ ಮುಂದಿನ ವರ್ಷದ ಮೀನೂ ಈ ವರ್ಷವೇ ಸಾರಿಗೆ ಬೀಳುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ತೋಟೆ. ಕಲ್ಲುಕ್ವಾರಿಗೆಂದು ತಂದ ಸಿಡಿಮದ್ದಿಗೆ ಬತ್ತಿ ಕಟ್ಟಿ ಮಡುವಿಗೆ ಎಸೆಯುತ್ತಾರೆ. ಮೀನಿನ ಹೊಟ್ಟೆಯೊಳಗೆ ಅದನ್ನು ನೀರಿನಲ್ಲಿ ತೇಲಿಸುವ ಗಾಳಿಚೀಲವೊಂದಿರುತ್ತದೆ. ಸ್ಫೋಟದ ಹೊಡೆತಕ್ಕೆ ಅದು ಒಡೆಯುತ್ತದೆ. ಒಡೆದ ಮೀನುಗಳಲ್ಲಿ ಎಷ್ಟೋ ತೇಲುವುದೇ ಇಲ್ಲ, ತಳಕ್ಕೆ ಹೋಗಿ ಕೊಳೆಯುತ್ತವೆ. ತೋಟೆ ಹಾಕಿದವನ ಕೈಗೆ ಸಿಕ್ಕುವುದು ಸತ್ತದ್ದರಲ್ಲಿ ಒಂದು ಪಾಲು ಮಾತ್ರ. ಮರಿ, ಏಡಿ, ಮೀನಿಗೆ ಆಹಾರವಾದ ನೀರುಹುಳು ಎಲ್ಲವೂ ಒಟ್ಟಿಗೆ ನಾಶ. ಬತ್ತಿ ಬೇಗ ಉರಿದು ಕೈಯಲ್ಲೇ ಸಿಡಿದು ಮುಂಗೈ ಕಳೆದುಕೊಂಡವರೂ ಹೊಳೆದಂಡೆಯ ಊರುಗಳಲ್ಲಿದ್ದಾರೆ. ಬೇಸಿಗೆಯಲ್ಲಿ ನಿಂತ ನೀರಿಗೆ ವಿಷ ಬೆರೆಸುವುದು ಇನ್ನೊಂದು ದಾರಿ. ಅದೇ ನೀರನ್ನು ಕೆಳಗಿನ ಊರಿನ ದನ ಕುಡಿಯುತ್ತದೆ ಎಂಬ ಎಚ್ಚರವೂ ಇವರಿಗಿರುವುದಿಲ್ಲ.

ಇದಕ್ಕೆ ಕಾನೂನಿಲ್ಲವೆಂದಲ್ಲ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಎಚ್.ಎಸ್. ಥಾಮಸ್ ಎಂಬವರು ನಮ್ಮ ಹೊಳೆಗಳಲ್ಲಿ ಮೀನು ಹಾಳಾಗುತ್ತಿರುವುದನ್ನು ಕಂಡು ಸರಕಾರಕ್ಕೆ ಬರೆದಿದ್ದರು. ಗಾಳ ಹಾಕುವುದರ ಬಗ್ಗೆ ಅವರು ಬರೆದ ಪುಸ್ತಕ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. 1897ರ ಭಾರತೀಯ ಮೀನುಗಾರಿಕೆ ಕಾಯ್ದೆ ತೋಟೆಯನ್ನೂ ವಿಷವನ್ನೂ ಅಪರಾಧವೆಂದು ಸಾರಿ, ಎರಡು ತಿಂಗಳವರೆಗೆ ಸಜೆ ಅಥವಾ 200 ರೂಪಾಯಿವರೆಗೆ ದಂಡ ವಿಧಿಸಿತು. ಕರ್ನಾಟಕದ 1996ರ ಒಳನಾಡು ಮೀನುಗಾರಿಕೆ ಕಾಯ್ದೆಯೂ ಇವೆರಡಕ್ಕೆ ಅವಕಾಶ ಕೊಡುವುದಿಲ್ಲ. ಕೊರತೆಯಿರುವುದು ಕಾವಲಿನಲ್ಲಿ. ನಡುರಾತ್ರಿ ಕಾಡಿನ ನಡುವಿನ ಮಡುವಿನಲ್ಲಿ ತೋಟೆ ಸಿಡಿದರೆ ಕೇಳಿಸಿಕೊಳ್ಳುವವರಾರು?

ಆ ಕಾವಲು ಒಂದಷ್ಟು ಕಾಲ ಅನಿರೀಕ್ಷಿತ ಕಡೆಯಿಂದ ಬಂತು. 1972ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ದಕ್ಷಿಣ ಭಾರತ ವನ್ಯಜೀವಿ ಸಂಘವು ಕಾವೇರಿಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು ಕಾವಲು ಹಾಕಿತು. ಮುಂದೆ ಸರಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಭೀಮೇಶ್ವರಿ, ದೊಡ್ಡಮಕಳಿ, ಗಾಲಿಬೋರೆಗಳಲ್ಲಿ ಗಾಳದ ಶಿಬಿರ ತೆರೆಯಿತು. ಹಣ ಕೊಟ್ಟು ಬಂದವರು ಮೀನು ಹಿಡಿದು, ತೂಗಿ, ಜೀವಂತ ಬಿಡಬೇಕೆಂಬುದು ನಿಯಮ. ಹಿಂದೆ ಕದ್ದು ಮೀನು ಹೊಡೆಯುತ್ತಿದ್ದವರಲ್ಲಿ ಕೆಲವರಿಗೆ ಅಲ್ಲಿಯೇ ಹರಿಗೋಲು ನಡೆಸುವ, ದಾರಿ ತೋರುವ ಕೆಲಸ ಸಿಕ್ಕಿತು. ಮಡುವಿನ ಗುಟ್ಟು ಅವರಿಗಿಂತ ಚೆನ್ನಾಗಿ ಬಲ್ಲವರು ಬೇರೆ ಯಾರಿದ್ದರು? ಗಾಲಿಬೋರೆಯ ದಾಖಲೆಯಲ್ಲಿ 1998ರಿಂದ 2012ರವರೆಗೆ ಹಿಡಿದು ಬಿಟ್ಟ 6,161 ಮೀನುಗಳ ಲೆಕ್ಕವಿದೆ. ಅವುಗಳಲ್ಲಿ ದೊಡ್ಡದು 46.8 ಕಿಲೋ.

ಆದರೆ ಈ ದಾಖಲೆಯನ್ನು ವಿಜ್ಞಾನಿಗಳು ಕೂಲಂಕಷವಾಗಿ ನೋಡಿದಾಗ ಬೇರೆ ಸಂಗತಿ ಹೊರಬಿತ್ತು. ಮೀನಿನ ಸಂಖ್ಯೆ ಏರಿದೆ, ಸರಾಸರಿ ತೂಕ ಇಳಿದಿದೆ. ಏರಿದ್ದು ಕಾವೇರಿಯ ಗೂನುಬೆನ್ನಿನ ಜಾತಿಯಲ್ಲ, ನೀಲಿ ರೆಕ್ಕೆಯ ಇನ್ನೊಂದು ಮಹಶೀರ್. ಮಹಾರಾಷ್ಟ್ರದ ಲೋಣಾವಳದ ಮರಿ ಉತ್ಪಾದನಾ ಕೇಂದ್ರದ ಮರಿಗಳನ್ನು 1970ರ ದಶಕದಿಂದ ಒಳ್ಳೆಯ ಉದ್ದೇಶದಿಂದಲೇ ತಂದು ಬಿಟ್ಟಿದ್ದರು. ಅವು ಹೊಳೆ ತುಂಬಿದವು, ಊರಿನ ಮೀನು ಹಿಂದೆ ಸರಿಯಿತು. ನಾಟಿ ರಾಗಿಯ ಹೊಲದಲ್ಲಿ ಹೊರಗಿನ ತಳಿ ಬೆರೆತರೆ ಏನಾಗುತ್ತದೆಂದು ರೈತರಿಗೆ ವಿವರಿಸಬೇಕಿಲ್ಲ. ಗೂನುಬೆನ್ನಿನ ಮೀನಿಗೆ ಟಾರ್ ರೆಮಾದೇವಿ ಎಂಬ ವೈಜ್ಞಾನಿಕ ಹೆಸರು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯ ಅತ್ಯಂತ ಗಂಭೀರ ವರ್ಗಕ್ಕೂ ಸೇರಿತು. ನಾಮಕರಣದ ವರ್ಷವೇ ಇಂಥ ಪಟ್ಟಿ!

2012ರ ಹೊತ್ತಿಗೆ ಆ ಶಿಬಿರಗಳಲ್ಲಿ ಗಾಳ ಹಾಕುವುದು ನಿಂತಿತ್ತು. ಅಭಯಾರಣ್ಯದೊಳಗೆ ಮೀನು ಹಿಡಿದು ಬಿಡುವುದೂ ಬೇಟೆಯೇ ಎಂಬುದು ಕಾನೂನಿನ ವ್ಯಾಖ್ಯೆ. ಅದರಲ್ಲಿ ನ್ಯಾಯವಿಲ್ಲವೆನ್ನಲಾಗದು. ಆದರೆ ನಿಯಮ ಪಾಲಿಸುವ ಗಾಳದವನು ಮನೆಗೆ ಹೋದ, ನಿಯಮವನ್ನೇ ಲೆಕ್ಕಿಸದ ತೋಟೆಯವನು ಹೋದನೇ ಎಂಬ ಪ್ರಶ್ನೆ ಉಳಿಯುತ್ತದೆ. ಗಾಳದವರಿಲ್ಲದೆ ಹೋದರೆ ಹೊಳೆದಂಡೆಯ ಕಣ್ಣುಗಳೂ ಹೋದಂತೆ ಎಂಬುದು ಈ ಲೇಖಕನ ಅಭಿಪ್ರಾಯ.

ಹಾಗೆಂದು ಗಾಳ ಹಿಡಿದವರೆಲ್ಲ ಸಾಧುಗಳಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಸಾಲ್ಮನ್‌ಗೆ ಹಿಮ್ಮುಳ್ಳಿಲ್ಲದ ಗಾಳವನ್ನೇ ಬಳಸಬೇಕು, ಮೀನು ತಾನಾಗಿ ಕಚ್ಚಬೇಕು. ಅಲ್ಲಿನ ಫ್ರೇಸರ್ ನದಿಯಲ್ಲಿ ಕೆಲವರು ಉದ್ದನೆಯ ದಾರದ ಗಾಳವನ್ನು ಸೀಸದ ಭಾರದೊಡನೆ ತಳದಲ್ಲಿ ಹರಿಬಿಟ್ಟು, ಎದುರು ಈಜಿ ಬರುವ ಮೀನಿನ ತೆರೆದ ಬಾಯಿಗೆ ದಾರ ಸಿಕ್ಕಿಸಿ ಎಳೆಯುತ್ತಾರೆ. ನೋಡುವವರಿಗೆ ಮೀನು ಕಚ್ಚಿದಂತೆಯೇ ಕಾಣುತ್ತದೆ.

ನಮ್ಮಲ್ಲಿ ಹಳೆಯ ಕಾವಲು ದೇವರದು. ಶೃಂಗೇರಿ, ರಾಮನಾಥಪುರ, ತೀರ್ಥಹಳ್ಳಿಯ ಚಿಪ್ಪಲಗುಡ್ಡೆ, ಬೆಳ್ತಂಗಡಿ ತಾಲೂಕಿನ ಶಿಶಿಲಗಳಲ್ಲಿ ದೇವರ ಮೀನಿಗೆ ಯಾರೂ ಕೈಯಿಕ್ಕರು. ಬಂದ ಭಕ್ತರು ಅಕ್ಕಿ, ಪುರಿ ಹಾಕುತ್ತಾರೆ. ಆದರೆ ಶಿಶಿಲದಲ್ಲಿ 1996ರಲ್ಲಿ ಯಾರೋ ದುಷ್ಕರ್ಮಿಗಳು ವಿಷ ಹಾಕಿದ್ದರಿಂದ ಸಾವಿರಾರು ಮೀನು ಸತ್ತವು. ಅವುಗಳ ನೆನಪಿಗೆ ಅಲ್ಲಿ ಸ್ಮಾರಕವಿದೆ.

ಹೊಳೆದಂಡೆಯ ರೈತರು ಮಾಡಬಹುದಾದದ್ದು ಉಂಟು. ತೋಟೆ ಸದ್ದು ಕೇಳಿದರೆ, ವಿಷದ ಸುಳಿವು ಸಿಕ್ಕರೆ ಪೊಲೀಸರಿಗೂ ಮೀನುಗಾರಿಕೆ ಇಲಾಖೆಗೂ ತಿಳಿಸಬೇಕು. ಔಷಧಿ ಸಿಂಪಡಿಸಿದ ಪಂಪನ್ನು ಹೊಳೆಯಲ್ಲಿ ತೊಳೆಯಬಾರದು. ಮುಂಗಾರಿನ ಮೊದಲ ನೆರೆಗೆ ಏರಿ ಬರುವ ಮೀನು ಹೊಟ್ಟೆಯಲ್ಲಿ ಮೊಟ್ಟೆ ಹೊತ್ತಿರುತ್ತದೆ, ಆಗ ಹಳ್ಳಕ್ಕೆ ಅಡ್ಡಲಾಗಿ ಬಲೆ, ಕೂಳಿ ಕಟ್ಟಬಾರದು. ಗಾಳಕ್ಕೆ ಅನುಮತಿಯಿರುವ ಕಡೆ ಹವ್ಯಾಸಕ್ಕೆ ಹಾಕುವ ಯುವಕರು ಗಾಳದ ಹಿಮ್ಮುಳ್ಳನ್ನು ಇಕ್ಕಳದಿಂದ ಅದುಮಿ ಮಟ್ಟ ಮಾಡಿಕೊಂಡರೆ ಮೀನಿನ ಬಾಯಿ ಹರಿಯುವುದಿಲ್ಲ. ಬಿಳಿಮೀನು ಬಿದ್ದರೆ ಕೈ ಒದ್ದೆ ಮಾಡಿಕೊಂಡೇ ಮುಟ್ಟಬೇಕು, ಒಣಗೈಗೆ ಅದರ ಮೈಮೇಲಿನ ಲೋಳೆ ಕಿತ್ತುಬರುತ್ತದೆ. ಕಿವಿರಿಗೆ ಬೆರಳು ಹಾಕಿ ಎತ್ತಬಾರದು. ನೀರಿನಲ್ಲೇ ಗಾಳ ಬಿಡಿಸಿ, ಮುಖ ಪ್ರವಾಹಕ್ಕೆ ಎದುರಾಗುವಂತೆ ಹೊಟ್ಟೆಯ ಕೆಳಗೆ ಕೈ ಕೊಟ್ಟು ಹಿಡಿದಿರಬೇಕು. ದಣಿದ ಮೀನು ಸುಧಾರಿಸಿಕೊಳ್ಳಲು ಕೆಲವು ನಿಮಿಷ ಹಿಡಿಯಬಹುದು. ಬಾಲ ಬೀಸಿ ತಾನಾಗಿ ಹೊರಟಾಗ ಕೈ ಸಡಿಲಿಸಿದರೆ ಸಾಕು.