ಚಿತ್ರಪಾಠದಲ್ಲಿ ಉಪಾಧ್ಯಾಯರ ಪ್ರತಿಭೆ

ಪ್ರತಿಭೆಯು ಕಾರಯಿತ್ರಿಯೆಂದೂ ಭಾವಯಿತ್ರಿಯೆಂದೂ ಎರಡು ತೆರನೆಂದು ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ವಿಂಗಡಿಸಿರುವನಷ್ಟೆ. ಮೊದಲನೆಯದು ಕವಿಗೆ, ಎರಡನೆಯದು ಸಹೃದಯನಿಗೆ ಉಪಕಾರಕವಾದುದು. ಪ್ರೌಢಶಾಲೆಯಲ್ಲಿ ಚಿತ್ರವನ್ನು ಕಲಿಸುವ ಉಪಾಧ್ಯಾಯರಿಗೆ ಇವೆರಡರಲ್ಲಿ ಯಾವುದು ಬೇಕು? ಇದರ ವಿಚಾರಕ್ಕೆ ಇಂಗ್ಲೆಂಡಿನ ಮೇರಿಯನ್ ರಿಚರ್ಡ್‌ಸನ್ (1892–1946) ಎಂಬ ಉಪಾಧ್ಯಾಯಿನಿಯ ಬೋಧನಕ್ರಮವು ಒಳ್ಳೆಯ ನಿದರ್ಶನವಾಗಿದೆ.

ರಿಚರ್ಡ್‌ಸನ್ನರು 1912ರಲ್ಲಿ ಡಡ್ಲಿ ಪಟ್ಟಣದ ಬಾಲಿಕೆಯರ ಪ್ರೌಢಶಾಲೆಗೆ ಬಂದಾಗ, ಸೌತ್ ಕೆನ್ಸಿಂಗ್ಟನ್ ಪದ್ಧತಿಯ ಪ್ರಭಾವವು ಆ ದೇಶದ ಶಾಲೆಗಳಲ್ಲಿ ಇನ್ನೂ ಅಳಿದಿರಲಿಲ್ಲ. ಘನ, ಶಂಕು ಮೊದಲಾದ ಆಕೃತಿಗಳನ್ನೂ ಅಚ್ಚಿನ ಮಾದರಿಗಳನ್ನೂ ನೋಡಿ ತಪ್ಪಿಲ್ಲದಂತೆ ಪ್ರತಿಮಾಡುವುದೇ ಅದರ ಗುರಿ. ಬ್ರಿಟಿಷರ ಕಲಾಶಾಲೆಗಳ ಮೂಲಕ ಹಿಂದೂದೇಶಕ್ಕೂ ಬಂದ ಪದ್ಧತಿಯು ಇದೇ. ಇದರಲ್ಲಿ ಕೈಗೆ ಅಭ್ಯಾಸವು ದೊರೆಯುತ್ತಿದ್ದಿತೇ ಹೊರತು ಮನಸ್ಸಿಗೆ ಕೆಲಸವಿರಲಿಲ್ಲ.

ಬರ್ಮಿಂಗ್‌ಹ್ಯಾಮಿನ ಕಲಾಶಾಲೆಯಲ್ಲಿ ಅವರ ಗುರುಗಳಾಗಿದ್ದ ರಾಬರ್ಟ್ ಕ್ಯಾಟರ್‌ಸನ್ ಸ್ಮಿತ್ತರು ವಿದ್ಯಾರ್ಥಿಗಳಿಗೆ ಪರದೆಯ ಮೇಲೆ ಚಿತ್ರವನ್ನು ತೋರಿಸಿ, ಬಳಿಕ ಕಣ್ಮುಚ್ಚಿಸಿ, ನೆನಪಿನಿಂದಲೇ ಬರೆಯಿಸುತ್ತಿದ್ದರು. ಶಿಷ್ಯೆಯಾದರೋ ಚಿತ್ರವನ್ನು ತೋರಿಸುವುದನ್ನೂ ಬಿಟ್ಟರು. ಬಾಲಿಕೆಯರು ಕಣ್ಮುಚ್ಚಿ ಕುಳಿತಿರಲು, ತಾವು ಕಂಡ ದೃಶ್ಯವೊಂದನ್ನು ಮಾತಿನಿಂದಲೇ ವರ್ಣಿಸುವರು. ಕೇಳಿದವರು ತಮ್ಮೊಳಗೆ ಮೂಡಿದ ರೂಪವನ್ನು ಬಣ್ಣದಲ್ಲಿ ಇಳಿಸುವರು. ಚಿತ್ರೋಪಾಧ್ಯಾಯಿನಿಯ ಮುಖ್ಯ ಸಾಧನವು ಕುಂಚವಾಗಿರದೆ ವರ್ಣನೆಯಾಗಿದ್ದಿತೆಂಬುದು ಸಾಹಿತ್ಯಬೋಧಕರು ಗಮನಿಸತಕ್ಕ ವಿಷಯ.

ಇಲ್ಲಿ ಒಂದು ಆಕ್ಷೇಪವುಂಟು. ವರ್ಣನೆಯು ಉಪಾಧ್ಯಾಯಿನಿಯದಾದರೆ ಚಿತ್ರವು ಯಾರದು? ಕಣ್ಣಿನ ಮಾದರಿಯು ಹೋಗಿ ಕಿವಿಯ ಮಾದರಿಯು ಬಂದಂತಾಗಲಿಲ್ಲವೆ? ಆಕ್ಷೇಪವು ಹಗುರವಾದುದಲ್ಲ. ಆದರೆ ಮಾತು ಎಷ್ಟು ವಿಶದವಾದರೂ ರೇಖೆಯನ್ನು ನಿರ್ಣಯಿಸಲಾರದು. ಸಂಜೆಯ ಬೀದಿಯೆಂದೊಡನೆ ದೀಪವೆಲ್ಲಿ, ನೆರಳೆಷ್ಟು, ಯಾವ ಬಣ್ಣವೆಂಬುದನ್ನು ಕೇಳಿದವಳೇ ಗೊತ್ತುಮಾಡಬೇಕು. ಒಂದೇ ಪದ್ಯವನ್ನೋದಿದ ಇಬ್ಬರು ಸಹೃದಯರ ಕಣ್ಮುಂದೆ ಒಂದೇ ಚಿತ್ರವು ನಿಲ್ಲುವುದಿಲ್ಲವಷ್ಟೆ. ಅದಲ್ಲದೆ, ವರ್ಣನೆಯ ಆಸರೆಯೇ ಇಲ್ಲದೆ, ಕಣ್ಮುಚ್ಚಿದಾಗ ತಾನಾಗಿ ತೋರಿದುದನ್ನು ಬರೆಯುವ ‘ಮನಶ್ಚಿತ್ರ’ಗಳನ್ನೂ ರಿಚರ್ಡ್‌ಸನ್ನರು ಬರೆಯಿಸಿದರು. ಶಂಕುವಿನ ಪ್ರತಿಯನ್ನು ಪರೀಕ್ಷಕನು ಅಳೆದು ನೋಡಬಹುದು. ಮನಶ್ಚಿತ್ರದ ಮೂಲವನ್ನು ಬರೆದವಳ ಹೊರತು ಬೇರೆ ಯಾರೂ ಕಂಡಿಲ್ಲ. ಆದುದರಿಂದ ಅದರ ಸರಿತಪ್ಪಿಗೆ ಅವಳೇ ಮೊದಲ ಸಾಕ್ಷಿ. ಉಪಾಧ್ಯಾಯರಿಗೆ ಉಳಿಯುವುದು ಭಾವಯಿತ್ರಿಯ ಕೆಲಸ. ಅವರ ಮೆಚ್ಚುಗೆಯೇ ಮತ್ತೊಂದು ಮಾದರಿಯಾಗಬಹುದೆಂಬ ಅಪಾಯವಂತೂ ಇದ್ದೇ ಇದೆ. ಯಾವ ಕ್ರಮವೂ ಅದನ್ನು ಪೂರ್ತಿಯಾಗಿ ನೀಗಲಾರದು.

1917ರಲ್ಲಿ ವಿಮರ್ಶಕರಾದ ರೋಜರ್ ಫ್ರೈ ಅವರು ಈ ಬಾಲಿಕೆಯರ ಚಿತ್ರಗಳನ್ನು ಲಂಡನ್ನಿನ ತಮ್ಮ ಒಮೇಗ ಕಾರ್ಯಶಾಲೆಯಲ್ಲಿ ಪ್ರದರ್ಶಿಸಿದರು. ರಿಚರ್ಡ್‌ಸನ್ನರು ಮುಂದೆ ಲಂಡನ್ನಿನಲ್ಲಿ ಉಪಾಧ್ಯಾಯರಾಗುವವರಿಗೆ ಶಿಕ್ಷಣವಿತ್ತು, 1930ರಲ್ಲಿ ಅಲ್ಲಿಯ ಕೌಂಟಿ ಕೌನ್ಸಿಲಿನ ಕಲಾ ಇನ್‌ಸ್ಪೆಕ್ಟರಾದರು. ‘ಕಲೆ ಮತ್ತು ಮಗು’ ಎಂಬರ್ಥದ ಹೆಸರಿನ ಅವರ ಗ್ರಂಥವು ಅವರು ತೀರಿಕೊಂಡ ಮೇಲೆ, 1948ರಲ್ಲಿ ಪ್ರಕಟವಾಯಿತು. ಅದು ಸೂತ್ರಗಳನ್ನು ವಿಧಿಸುವ ಶಾಸ್ತ್ರವಲ್ಲ. ತಾವು ಕಲಿಸಿದ ಬಗೆಯ ವೃತ್ತಾಂತ.